ಎರಡು ರಬ್ಬರ್ ರಿಂಗು, ನಾಲ್ಕು ದಿನ

ಹೋದ ತಿಂಗಳು ಮೂವರು ಹುಡುಗಿಯರು ಚಿತ್ರದುರ್ಗದಿಂದ ನಮ್ಮ ಮನೆ ಹುಡುಕಿಕೊಂಡು ಹಿರಿಯೂರಿಗೆ ಬಂದಿದ್ದರು. ಐಟಿಐನಲ್ಲಿ ಡೀಸೆಲ್ ಮೆಕ್ಯಾನಿಕ್ ಕಲಿಯುತ್ತಿದ್ದಾರೆ. ಇನ್ನಾರು ತಿಂಗಳಿಗೆ ಕೆಲಸಕ್ಕೆ ಸೇರುವವರು. ಮಂಡಕ್ಕಿ ಮೆಣಸಿನಕಾಯಿ ಕೊಟ್ಟೆ. ತಿನ್ನುತ್ತಾ ಒಬ್ಬಳು ಕೇಳಿದಳು: "ಅಕ್ಕಾ, ಶೆಡ್ ಕೆಲಸ ನಿಜವಾಗ್ಲೂ ಹೆಂಗಿರುತ್ತೆ?"

"ಚೆನ್ನಾಗಿರುತ್ತೆ, ಧೈರ್ಯವಾಗಿ ಹೋಗ್ರಿ" ಅಂದೆ. ಅವರು ಬಸ್ಸು ಹತ್ತಿದ ಮೇಲೆ ನನಗೇ ಇರುಸುಮುರುಸಾಯಿತು. ಬೀಳ್ಕೊಡುಗೆ ದಿನ ಹಾರ ಹಾಕಿಸಿಕೊಂಡು ಹೇಳುವಂಥ ಮಾತು ಅದು. ಅವರು ಕೇಳಿದ್ದು ಬೇರೆ. ಎದುರಿಗೆ ಕೂತು ಹೇಳಲು ನಾಲಿಗೆ ಏಳಲಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ. ನನ್ನ ಹೆಸರು ಚಂದ್ರಮ್ಮ. ಹುಟ್ಟಿದ್ದು ಹರಿಯಬ್ಬೆ. ಮೂವತ್ತೆಂಟು ವರ್ಷ ಒಂದು ಖಾಸಗಿ ಬಸ್ ಕಂಪನಿಯ ಶೆಡ್ಡಿನಲ್ಲಿ ದುಡಿದೆ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಚಿತ್ರದುರ್ಗ, ಇಷ್ಟರೊಳಗೇ ನಮ್ಮ ಬಸ್ಸುಗಳು ಸುತ್ತುತ್ತಿದ್ದದ್ದು.

ಅದೇ ಶೆಡ್ಡಿನಲ್ಲಿ ನಮ್ಮಪ್ಪ ಬಸ್ಸುಗಳಿಗೆ ಗ್ರೀಸ್ ಹೊಡೆಯುತ್ತಿದ್ದರು. ಅವರು ಕಾಯಿಲೆಯಿಂದ ತೀರಿಕೊಂಡಾಗ ನನಗೆ ಇಪ್ಪತ್ತು. ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿದ್ದೆ. ಅಮ್ಮ ನನ್ನನ್ನು ಮಾಲೀಕರ ಮುಂದೆ ನಿಲ್ಲಿಸಿದಾಗ ಅವರು ತಲೆ ಕೆರೆದುಕೊಂಡರು. "ಹೆಣ್ಣುಮಗಳಿಗೆ ಶೆಡ್ಡಲ್ಲಿ ಏನು ಕೆಲಸ ಕೊಡಾಣ?"

ಪಕ್ಕದಲ್ಲಿ ಕೈ ಒರೆಸಿಕೊಳ್ಳುತ್ತಾ ನಿಂತಿದ್ದವರು ಹೆಡ್ ಮೆಕ್ಯಾನಿಕ್ ತಿಪ್ಪೇಸ್ವಾಮಿ. ಎಲ್ಲರೂ ಅವರನ್ನು ಮೇಸ್ತ್ರಿ ಅನ್ನುತ್ತಿದ್ದರು. "ಆಯಿಲ್ ರೂಮಿನ ಬೀಗದ ಕೈ ಕೊಡ್ರಿ ಸಾರ್. ಓದೋಕೆ ಬರೆಯೋಕೆ ಬರುತ್ತೆ. ಯಾವ ಬಸ್ಸಿಗೆ ಎಷ್ಟು ಹೋಯ್ತು ಅಂತ ನೆಟ್ಟಗೆ ಹೇಳೋರು ಒಬ್ಬರಾದ್ರೂ ಇರ್ಲಿ" ಅಂದರು.

ಹಾಗೆ ಸೇರಿದೆ. ಆಯಿಲ್ ರೂಮ್ ಅಂದರೆ ಕಿಟಕಿಯಿಲ್ಲದ ಒಂದು ತಗಡಿನ ಕೋಣೆ. ಒಳಗೆ ಬ್ಯಾರಲ್ಲುಗಳು, ಒಂದು ಕೈಪಂಪು, ಉದ್ದ ಮೂತಿಯ ಅಳತೆ ಕ್ಯಾನುಗಳು. ಶೆಡ್ಡಿನಲ್ಲಿ ನನಗೆ 'ಎಣ್ಣೆ ಚಂದ್ರಮ್ಮ' ಅಂತ ಹೆಸರು ಬಿತ್ತು. ಆ ಹೆಸರು ಬಸ್ ಸ್ಟ್ಯಾಂಡಿನವರೆಗೂ ಹೋಗಿ, ಒಂದು ದಿನ ಯಾವನೋ ಅಮಾಯಕ ಬಂದು ಮೆಲ್ಲಗೆ, "ಅಕ್ಕಾ, ಒಂದು ಕ್ವಾಟ್ರು ಸಿಗುತ್ತಾ?" ಅಂತ ಕೇಳಿದ. ಇಡೀ ಶೆಡ್ಡು ನಕ್ಕಿತು. ನಾನು ಕೋಣೆಯೊಳಗೆ ಹೋಗಿ ಅತ್ತೆ. ಆಗ ನನಗೆ ನಗಲು ಬರುತ್ತಿರಲಿಲ್ಲ.

ಮೇಸ್ತ್ರಿ ಸಮಾಧಾನದ ಮಾತು ಆಡುವ ಮನುಷ್ಯರಲ್ಲ. ಮಾರನೆಯ ದಿನ ಕರೆದು, ಪೂರಾ ಬಿಚ್ಚಿಟ್ಟ ಒಂದು ಎಂಜಿನ್ ಬ್ಲಾಕಿನ ಮುಂದೆ ಕೂರಿಸಿದರು. "ದಿನಾ ಕ್ಯಾನಿಗೆ ಸುರಿದು ಕೊಡ್ತೀಯಲ್ಲ, ಅದು ಎಲ್ಲಿಗೆ ಹೋಗ್ತೈತೆ ಅಂತ ಗೊತ್ತೇನಮ್ಮ?"

ಗೊತ್ತಿರಲಿಲ್ಲ. ಅವರು ಬ್ಲಾಕಿನ ಪಕ್ಕದ ಒಂದು ತೂತಿಗೆ ಕಂಪ್ರೆಸರ್ ಪೈಪ್ ಹಿಡಿದು ಗಾಳಿ ಬಿಟ್ಟರು. "ಅಂಗೈ ಇಡು" ಅಂದರು. ಎಂಜಿನ್ನಿನ ತಿರುಗುವ ದಪ್ಪ ಕಂಬಿ, ಅಂದರೆ ಕ್ರ್ಯಾಂಕ್, ಕೂರುವ ಜಾಗದಲ್ಲಿ ಅಂಗೈ ಇಟ್ಟೆ. ಸಣ್ಣ ತೂತಿನಿಂದ ಗಾಳಿ ಬುಸ್ ಅಂತ ತಾಗಿತು. ಪಕ್ಕದ್ದರಲ್ಲೂ ಬಂತು, ಅದರ ಪಕ್ಕದ್ದರಲ್ಲೂ ಬಂತು. ಐದನೆಯದರಲ್ಲಿ ಬರಲಿಲ್ಲ.

"ಬರ್ತಿಲ್ಲ ಮೇಸ್ತ್ರಿ."

"ಅದಕ್ಕೇ ಈ ಎಂಜಿನ್ ಸತ್ತಿದ್ದು" ಅಂದರು. ತಂತಿ ತೂರಿಸಿ ಎಳೆದರೆ ಒಳಗಿಂದ ಹುಣಸೆಹಣ್ಣಿನಂಥ ಕಪ್ಪು ಗಸಿ ಬಂತು.

ಆವತ್ತು ಅವರು ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಪುಸ್ತಕದಲ್ಲಿ ಚಿತ್ರ ಇರುತ್ತದೆ, ಆದರೂ ಕೇಳಿ. ಎಣ್ಣೆ ಇರುವುದು ಎಂಜಿನ್ನಿನ ತಳದ ಚೇಂಬರಿನಲ್ಲಿ. ಅಲ್ಲಿಂದ ಜರಡಿಯ ಮೂಲಕ ಪಂಪು ಅದನ್ನು ಎಳೆಯುತ್ತದೆ. ಪಂಪು ಅಂದರೆ ಒಂದಕ್ಕೊಂದು ಕಚ್ಚಿಕೊಂಡು ತಿರುಗುವ ಎರಡು ಹಲ್ಲಿನ ಚಕ್ರ, ಅಷ್ಟೇ. ಅದು ಒತ್ತಿ ಕಳಿಸಿದ ಎಣ್ಣೆ ಫಿಲ್ಟರಿನಲ್ಲಿ ಸೋಸಿಕೊಂಡು, ಬ್ಲಾಕಿನ ಉದ್ದಕ್ಕೂ ಕೊರೆದ ದೊಡ್ಡ ಕಾಲುವೆಗೆ ಬರುತ್ತದೆ. ಅಲ್ಲಿಂದ ಕವಲು ಒಡೆದು ಕ್ರ್ಯಾಂಕಿನ ಒಂದೊಂದು ಬೇರಿಂಗಿಗೂ, ಕ್ರ್ಯಾಂಕಿನ ಒಳಗೇ ಇರುವ ತೂತಿನಿಂದ ಕನೆಕ್ಟಿಂಗ್ ರಾಡಿಗೂ, ಮೇಲೆ ವಾಲ್ವ್ ತೆರೆಯುವ ಕ್ಯಾಮ್, ರಾಕರಿಗೂ ಹೋಗುತ್ತದೆ. ಎಲ್ಲ ಮುಗಿಸಿ ಹನಿ ಹನಿಯಾಗಿ ತಳಕ್ಕೆ ಬಿದ್ದು ಮತ್ತೆ ಹೊರಡುತ್ತದೆ. "ಕಬ್ಬಿಣ ಕಬ್ಬಿಣವನ್ನ ಮುಟ್ಟಬಾರದು ಕಣಮ್ಮ. ಕ್ರ್ಯಾಂಕು ಬೇರಿಂಗ್ ಮೇಲೆ ಕುಂತಂಗೆ ಕಾಣ್ತೈತೆ, ಆದ್ರೆ ಅದು ಕುಂತಿರಾದು ಎಣ್ಣೆ ಮೇಲೆ. ಕೂದಲಿಗಿಂತ ತೆಳುವಾದ ಎಣ್ಣೆ. ಅದು ಇದ್ರೆ ಲಕ್ಷಾಂತರ ಕಿಲೋಮೀಟರು. ಇಲ್ದಿದ್ರೆ ಎರಡು ನಿಮಿಷ."

ಆ ದಿನದಿಂದ ನಾನು ಹಳೆಯ ಎಣ್ಣೆಯನ್ನು ನೋಡಲು ಶುರು ಮಾಡಿದೆ. ಬದಲಾಯಿಸಿದ ಎಣ್ಣೆ ನನ್ನ ಕೋಣೆಗೇ ಬರುತ್ತಿತ್ತು. ಸುರಿಯುವ ಮೊದಲು ಎರಡು ಬೆರಳಲ್ಲಿ ಉಜ್ಜುತ್ತಿದ್ದೆ, ಮೂಸುತ್ತಿದ್ದೆ, ಹಳೇ ಪೇಪರಿನ ಮೇಲೆ ಒಂದು ತೊಟ್ಟು ಬಿಟ್ಟು ಹರಡುವುದನ್ನು ಕಾಯುತ್ತಿದ್ದೆ. ಡೀಸೆಲ್ ಸೇರಿದ್ದರೆ ತೆಳ್ಳಗಾಗಿ ವಾಸನೆ ಬರುತ್ತದೆ. ಬಿಸಿಲಿಗೆ ಹಿಡಿದಾಗ ಜರಿಯಂತೆ ಮಿನುಗಿದರೆ ಒಳಗೆ ಬೇರಿಂಗ್ ಸವೆಯುತ್ತಿದೆ ಅಂತ. ಒಂದು ದಿನ ಹೊಸದುರ್ಗ ರೂಟಿನ ಬಸ್ಸಿನಿಂದ ಬಂದ ಎಣ್ಣೆ ಹಾಲು ಜಾಸ್ತಿಯಾದ ಕಾಫಿಯ ಬಣ್ಣಕ್ಕಿತ್ತು. "ಇದರಲ್ಲಿ ನೀರು ಸೇರೈತೆ" ಅಂದೆ. ಮೆಕ್ಯಾನಿಕ್ಕುಗಳು, "ಕ್ಯಾನು ತೊಳೆದ ನೀರು ಇರ್ಬೇಕು ಬಿಡಮ್ಮ" ಅಂದರು. ಮೇಸ್ತ್ರಿ ಮಾತ್ರ ಬಂದು ನೋಡಿ, ಸುಮ್ಮನೆ ಬಸ್ಸನ್ನು ತಡೆದರು. ಎಂಜಿನ್ನಿನ ಹೆಡ್ ಬಿಚ್ಚಿ ನೋಡಿದರೆ ಗ್ಯಾಸ್ಕೆಟ್ ಸುಟ್ಟು ರೇಡಿಯೇಟರ್ ನೀರು ಒಳಗೆ ಇಳಿಯುತ್ತಿತ್ತು.

ಮಾರನೆಯ ದಿನ ನನ್ನ ಕೈಗೆ ಹದಿನೇಳು-ಹತ್ತೊಂಬತ್ತರ ಒಂದು ಸ್ಪ್ಯಾನರ್ ಕೊಟ್ಟರು. ಎಣ್ಣೆ ಮತ್ತು ಫಿಲ್ಟರ್ ಬದಲಾಯಿಸುವ ಕೆಲಸ ನನ್ನದಾಯಿತು. ಸೀರೆ ಮೇಲೆ ಖಾಕಿ ಅಂಗಿ ಹಾಕಿಕೊಂಡು ಗುಂಡಿಗೆ ಇಳಿದು, ತಲೆ ಮೇಲೆ ಬಸ್ಸು ಇಟ್ಟುಕೊಂಡು ಕೆಲಸ ಮಾಡುವುದು ಕಲಿತೆ. ಹಾಗೇ ಹದಿನಾಲ್ಕು ವರ್ಷ ಹೋಯಿತು. ಮದುವೆಯಾಯಿತು, ಮಕ್ಕಳಾದವು. ಶೆಡ್ಡಿನಲ್ಲಿ ಯಾರೂ ಈಗ ಹಾಸ್ಯ ಮಾಡುತ್ತಿರಲಿಲ್ಲ. ನನಗೆ ಸ್ವಲ್ಪ ಜಂಬವೂ ಬಂದಿತ್ತು. ಮುಂದಿನದು ಆ ಜಂಬದ ಕಾಲದಲ್ಲಿ ಆದದ್ದು.

ಹಳೆಯ ಬಸ್ಸುಗಳಲ್ಲಿ ಫಿಲ್ಟರ್ ಅಂದರೆ ಒಂದು ಕಬ್ಬಿಣದ ಬಟ್ಟಲು, ಅದರೊಳಗೆ ಮಡಿಕೆ ಮಡಿಕೆಯ ಕಾಗದದ ಎಲಿಮೆಂಟು. ಆ ವರ್ಷ ಬಂದ ಹೊಸ ಬಸ್ಸುಗಳಿಗೆ ಡಬ್ಬಿ ಫಿಲ್ಟರ್ ಇತ್ತು. ತಿರುಗಿಸಿ ಬಿಚ್ಚುವುದು, ಹೊಸದನ್ನು ತಿರುಗಿಸಿ ಹಾಕುವುದು. ಬಹಳ ಸಲೀಸು. ಡಬ್ಬಿಯ ಬಾಯಿಗೆ ಬಳೆಯಂಥ ಒಂದು ರಬ್ಬರ್ ರಿಂಗ್ ಇರುತ್ತದೆ. ಎಣ್ಣೆ ಹೊರಗೆ ಬರದಂತೆ ಹಿಡಿಯುವುದು ಅದೇ. ಆದರೆ ಎಂಜಿನ್ನಿನ ಬಿಸಿಗೆ ಕೆಲವೊಮ್ಮೆ ಆ ರಿಂಗು ಡಬ್ಬಿ ಬಿಟ್ಟು ಎಂಜಿನ್ನಿಗೇ ಅಂಟಿಕೊಂಡು ಉಳಿದುಬಿಡುತ್ತದೆ. ಅದನ್ನು ಕಿತ್ತು ತೆಗೆಯದೆ ಹೊಸ ಫಿಲ್ಟರ್ ಹಾಕಿದರೆ ರಿಂಗಿನ ಮೇಲೆ ರಿಂಗು ಕೂರುತ್ತದೆ. ನಿಂತಲ್ಲಿ ಚಾಲೂ ಮಾಡಿದಾಗ ಸೋರುವುದಿಲ್ಲ. ರಸ್ತೆಯಲ್ಲಿ ಪ್ರೆಶರ್ ಏರಿದಾಗ ಜಾರಿಕೊಳ್ಳುತ್ತದೆ.

ಮದುವೆ ಸೀಸನ್. ಒಂದರ ಹಿಂದೆ ಒಂದು ಬಸ್ಸು ಗುಂಡಿ ಮೇಲೆ ಬರುತ್ತಿತ್ತು. ಪಾಲಯ್ಯ ಓಡಿಸುವ ಬಸ್ಸಿಗೆ ಫಿಲ್ಟರ್ ಬದಲಾಯಿಸಿದೆ. ಎಂಜಿನ್ನಿನಲ್ಲಿ ಫಿಲ್ಟರ್ ಕೂರುವ ಬಾಯಿಯ ಮೇಲೆ ಬೆರಳಾಡಿಸಿ ನೋಡಬೇಕಿತ್ತು. ನೋಡಲಿಲ್ಲ. ಸಾವಿರ ಸಲ ಮಾಡಿದ ಕೆಲಸ, ಕೈ ತಾನೇ ಮಾಡಿತು, ಅಷ್ಟೇ.

ಪಾಲಯ್ಯ ರಾಮಗಿರಿಯವರು. ಹದಿನೆಂಟು ವರ್ಷದ ಡ್ರೈವರು. ನಾನು ಪಾಲಣ್ಣ ಅನ್ನುತ್ತಿದ್ದೆ. ಬಸ್ಸು ನಿಲ್ಲಿಸಿದ ಮೇಲೆ ಒಂದು ಸಲ ಬಾನೆಟ್ ತಟ್ಟಿ ಇಳಿಯುವ ಅಭ್ಯಾಸ ಅವರಿಗೆ. ಆ ಮಧ್ಯಾಹ್ನ ಹೊಸದುರ್ಗ ಬಿಟ್ಟು ಹೊಳಲ್ಕೆರೆ ಕಡೆಗೆ ಬರುತ್ತಿದ್ದಾಗ ರಸ್ತೆ ತುಂಬಾ ಕುರಿ ಹಿಂಡು. ಹಾರ್ನ್ ಹೊಡೆಯುತ್ತಾ, ಕುರಿಗಳ ಮಧ್ಯೆ ಮೆಲ್ಲಗೆ ಬಸ್ಸು ನುಗ್ಗಿಸಿಕೊಂಡು, ಅವು ದಾಟಿದ ಮೇಲೆ ಏರಿಗೆ ವೇಗ ಕೊಟ್ಟಿದ್ದಾರೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಎಂಜಿನ್ ದಡಬಡ ಬಡಿದುಕೊಂಡು, ಗಕ್ಕನೆ ಹಿಡಿದು ನಿಂತುಬಿಟ್ಟಿತು. ಬಸ್ಸಿನ ತುಂಬಾ ಶಾಲೆ ಮಕ್ಕಳು, ಸಂತೆಯವರು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ.

ಬಸ್ಸನ್ನು ಎಳೆದು ತಂದರು. ಎಂಜಿನ್ನಿನ ಒಂದು ಮಗ್ಗುಲೆಲ್ಲ ಎಣ್ಣೆಯಲ್ಲಿ ಮಿಂದಿತ್ತು. ಮೇಸ್ತ್ರಿ ಟಾರ್ಚ್ ಹಿಡಿದು ಒಂದು ಸಲ ಬಗ್ಗಿ ನೋಡಿ ಎದ್ದರು. "ಚಂದ್ರಮ್ಮ, ಫಿಲ್ಟರ್ ನೀನೇ ಬಿಚ್ಚು" ಅಂತ ಹೇಳಿ ಆಫೀಸಿನ ಕಡೆ ನಡೆದರು.

ಬಿಚ್ಚಿದೆ. ಅಂಗೈಗೆ ಎರಡು ರಿಂಗು ಬಂದವು. ಒಂದು ಹೊಸದು, ಒಂದು ಹಳೆಯದು, ಗಟ್ಟಿಯಾಗಿ ಸೀಳಿ ಹೋಗಿದ್ದು. ಸುತ್ತ ಯಾರೂ ಇರಲಿಲ್ಲ. ಎರಡನ್ನೂ ಅಂಗಿಯ ಜೇಬಿಗೆ ಹಾಕಿಕೊಂಡೆ.

ಆಫೀಸಿನಲ್ಲಿ ಮಾಲೀಕರು ಪಾಲಣ್ಣನ ಮೇಲೆ ಕೂಗುತ್ತಿದ್ದರು. "ಆಯಿಲ್ ಪ್ರೆಶರ್ ಮುಳ್ಳು ಬಿದ್ದಿದ್ದು ನೋಡ್ಲಿಲ್ಲ. ಎಂಜಿನ್ ಬಡಿಯೋದು ಕೇಳ್ಲಿಲ್ಲ. ಕಣ್ಣೂ ಇಲ್ಲ, ಕಿವೀನೂ ಇಲ್ಲದ ಡ್ರೈವರ್ನ ಇಟ್ಕಂಡು ನಾನೇನು ಮಾಡ್ಲಿ?"

ಪಾಲಣ್ಣ ತಲೆ ಬಗ್ಗಿಸಿ ನಿಂತಿದ್ದರು. "ಕುರಿ ಕಡೆ ನೋಡ್ತಿದ್ದೆ ಸಾರ್. ಮುಳ್ಳು ನೋಡ್ಲಿಲ್ಲ. ತಪ್ಪಾತು." ಮನೆಗೆ ಹೋಗು, ಕರೆದಾಗ ಬಾ ಅಂದರು ಮಾಲೀಕರು. ಹೋದರು. ಬಾಗಿಲಲ್ಲಿ ನನ್ನನ್ನು ದಾಟುವಾಗ, "ಬರ್ತೀನಿ ಕಣವ್ವ" ಅಂದರು. ಜೇಬಿನೊಳಗೆ ನನ್ನ ಕೈ ಎರಡು ರಿಂಗುಗಳನ್ನೂ ಹಿಂಡುತ್ತಿತ್ತು.

ಮೊದಲ ದಿನ ನನಗೆ ನಾನೇ ಹೇಳಿಕೊಂಡೆ: ಮಾಲೀಕರ ಸಿಟ್ಟು ಇಳಿಯಲಿ. ಎರಡನೆಯ ದಿನ: ಹೆಂಗಸಿಗೆ ಸ್ಪ್ಯಾನರ್ ಕೊಟ್ಟಿದ್ದೇ ತಪ್ಪು ಅಂತಾರೆ, ನನ್ನ ಹಿಂದೆ ಬರುವವರಿಗೂ ದಾರಿ ಮುಚ್ಚುತ್ತದೆ. ನೋಡಿ, ಹೆದರಿಕೆ ಎಷ್ಟು ದೊಡ್ಡ ದೊಡ್ಡ ಮಾತು ಕಲಿಸುತ್ತದೆ! ಮೂರನೆಯ ದಿನ ಊಟ ಸೇರಲಿಲ್ಲ. ನಾಲ್ಕನೆಯ ದಿನ ಪಾಲಣ್ಣನ ಬಸ್ಸಿನ ಕಂಡಕ್ಟರು ಬಂದು, "ಪಾಲಣ್ಣ ಇನ್ಮೇಲೆ ಬಸ್ಸೇ ಓಡಿಸಲ್ವಂತೆ. ಲೈಸೆನ್ಸ್ ಪೆಟ್ಟಿಗೆ ಒಳಗೆ ಇಟ್ಟುಬಿಟ್ಟೈತೆ" ಅಂದ.

"ಮಾಲೀಕರು ಬಿಡಿಸಿದ್ರಾ?"

"ಇಲ್ಲಕ್ಕ. ತಾನಾಗೇ."

ಅರ್ಧ ದಿನ ರಜೆ ಕೇಳಿ ರಾಮಗಿರಿಗೆ ಹೋದೆ. ಪಾಲಣ್ಣನ ಹೆಂಡತಿ ಗೌರಕ್ಕ ಬಾಗಿಲಲ್ಲೇ ಸಿಕ್ಕಿದರು. ನನ್ನನ್ನು ಕಂಡು ಅವರಿಗೆ ಆಸರೆ ಸಿಕ್ಕಂತಾಯಿತೇನೋ. ಕೈ ಹಿಡಿದುಕೊಂಡು, "ನೀನಾದ್ರೂ ಹೇಳವ್ವ. ಬಂದಾಗಿಂದ ಹಿಂಗೇ ಕುಂತೈತೆ" ಅಂದರು.

ಒಳಗೆ ಪಾಲಣ್ಣ ಗೋಡೆಗೆ ಒರಗಿ ಕೂತು, ಕೈಗಡಿಯಾರವನ್ನು ಒಂದು ಕಿವಿಗೆ ಹಿಡಿದು, ಆಮೇಲೆ ಇನ್ನೊಂದು ಕಿವಿಗೆ ಹಿಡಿದು ನೋಡುತ್ತಿದ್ದರು.

"ಬಾರವ್ವ ಚಂದ್ರಮ್ಮ, ಕುಂತ್ಕ. ಈ ಎಡಗಿವಿ ಸ್ವಲ್ಪ ಮಂದ ಆಗೈತೆ ಅನ್ಸುತ್ತೆ. ಹದಿನೆಂಟು ವರ್ಷ ಆ ಎಂಜಿನ್ ಪಕ್ಕದಲ್ಲೇ ಕುಂತೋನು ನಾನು. ಒಂದು ಟ್ಯಾಪೆಟ್ ಲೂಸಾದ್ರೂ ತಿಳೀತಿತ್ತು. ಆವತ್ತು ಬೇರಿಂಗ್ ಬಡಿಯೋದೇ ಕೇಳ್ಲಿಲ್ಲ ಅಂದ್ರೆ ಏನರ್ಥ? ಒಳಗೆ ಮಕ್ಕಳಿದ್ವು ಕಣವ್ವ. ನಾಳೆ ಬ್ರೇಕಲ್ಲಿ ಏನೋ ಸದ್ದು ಬಂದು, ನನಗೆ ಕೇಳ್ದೇ ಹೋದ್ರೆ?"

ಖಾಕಿ ಅಂಗಿಯ ಜೇಬಿನಿಂದ ರಿಂಗು ತೆಗೆದು ಅವರ ಮುಂದೆ ನೆಲದ ಮೇಲೆ ಇಟ್ಟೆ. ಅವರು ಒಂದನ್ನು ಎತ್ತಿಕೊಂಡರು, ಇನ್ನೊಂದನ್ನು ಎತ್ತಿಕೊಂಡರು.

"ಇದೇನು?"

"ನಿಮ್ಮ ಬಸ್ಸಿನ ಫಿಲ್ಟರಲ್ಲಿ ಸಿಕ್ಕಿದ್ದು ಅಣ್ಣ. ಎರಡೂ. ಹಳೇದನ್ನ ನಾನು ತೆಗೀಲಿಲ್ಲ. ಕುರಿ ಸಿಗೋಕೆ ಮುಂಚೆನೇ ಅದು ಜಾರಿಕೊಂಡು ಎಣ್ಣೆಯೆಲ್ಲ ಒಂದೆರಡು ನಿಮಿಷದಲ್ಲಿ ಹೊರಗೆ ಹೋಗೈತೆ. ಕುರಿ ಗಲಾಟೇಲಿ ಯಾರಿಗೂ ಏನೂ ಕೇಳ್ತಿರಲಿಲ್ಲ. ಕೇಳೋ ಹೊತ್ತಿಗೆ ಎಲ್ಲ ಮುಗಿದಿತ್ತು."

ಅವರು ಎರಡೂ ರಿಂಗುಗಳನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ಆಮೇಲೆ ಕೇಳಿದ ಮೊದಲ ಮಾತು ಇದು: "ಅಂದ್ರೆ ನನ್ನ ಕಿವಿ ನೆಟ್ಟಗೈತೆ?"

"ನೆಟ್ಟಗೈತೆ ಅಣ್ಣ."

ಅವರ ಮುಖ ಒಂದು ಕ್ಷಣ ಅರಳಿತು. ಮರುಕ್ಷಣ ಏನೋ ನೆನಪಾದಂತೆ ಕಪ್ಪಿಟ್ಟಿತು. "ಇದು ನಿನಗೆ ಗೊತ್ತಾಗಿದ್ದು ಯಾವತ್ತು?"

"ಆವತ್ತೇ."

ಎದ್ದು ಹಿತ್ತಿಲಿಗೆ ಹೋದರು. ಗೌರಕ್ಕ ನನ್ನ ಕಡೆ ನೋಡಲಿಲ್ಲ. ಬಯ್ದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಕೊನೆಗೆ ಪಾಲಣ್ಣ ಮುಖ ತೊಳೆದುಕೊಂಡು ಒಳಗೆ ಬಂದರು. ಒಗೆದಿಟ್ಟ ಖಾಕಿ ಅಂಗಿ ಹಾಕಿಕೊಂಡರು. "ನಾಲ್ಕು ದಿನ ಯಾಕವ್ವ ಬೇಕಾತು?" ಅಂದರು. ನಾನು ಅಳುತ್ತಿದ್ದೆ. ಉತ್ತರಕ್ಕೆ ಕಾಯದೆ, "ಗೌರಿ, ಇವಳಿಗೆ ಎರಡು ರೊಟ್ಟಿ ಕೊಡು. ಮುಖ ನೋಡಿದ್ರೆ ಗೊತ್ತಾಗಲ್ವಾ? ತಿಂದ ಮೇಲೆ ಹೋಗಾಣ" ಅಂದರು.

ಇಬ್ಬರೂ ಮಾಲೀಕರ ಮುಂದೆ ನಿಂತೆವು. ನಾನು ಹೇಳಿದೆ. ಅವರು ಮೇಜು ಗುದ್ದಿ, ನಾನು ಹೆದರಿಕೊಂಡಿದ್ದ ಮಾತನ್ನೇ ಹೇಳಿದರು: "ಹೆಂಗಸರ ಕೈಗೆ ಸ್ಪ್ಯಾನರ್ ಕೊಟ್ಟಿದ್ದೇ ತಪ್ಪು!"

ಬಾಗಿಲಲ್ಲಿ ಮೇಸ್ತ್ರಿ ನಿಂತಿದ್ದರು. "ಕೊಟ್ಟೋನು ನಾನು ಸಾರ್. ಹೊಸ ಥರದ ಫಿಲ್ಟರ್ ಬಂದಾಗ ಕೂರಿಸಿಕೊಂಡು ತೋರಿಸಬೇಕಿತ್ತು, ತೋರಿಸ್ಲಿಲ್ಲ. ಬಸ್ಸು ಬಿಡೋ ಮುಂದೆ ರೇಸ್ ಮಾಡಿ, ಕೆಳಗೆ ಬಗ್ಗಿ ನೋಡೋದು ನನ್ನ ಕೆಲಸ. ಆವತ್ತು ಬಗ್ಗಲಿಲ್ಲ. ಗಂಡಸರು ಮಾಡಿದ ತಪ್ಪಿಗೆ ಎಷ್ಟು ಎಂಜಿನ್ ಹೋಗ್ಯಾವೆ ಅಂತ ನಿಮಗೇ ಗೊತ್ತೈತೆ. ಅವರಲ್ಲಿ ಯಾರಾದ್ರೂ ಹಿಂಗೆ ಬಂದು ನಿಂತಿದ್ರಾ?"

ಮಾಲೀಕರು ಡ್ಯೂಟಿ ಪುಸ್ತಕ ಎಳೆದುಕೊಂಡು ಪಾಲಣ್ಣನ ಹೆಸರು ಬರೆದರು. ಪಾಲಣ್ಣ ಮಾರನೆಯ ದಿನವೇ ಅದೇ ರೂಟಿಗೆ ಹೋದರು. ಮಾಲೀಕರು ನನ್ನ ಸ್ಪ್ಯಾನರ್ ವಾಪಸ್ ತೆಗೆದುಕೊಂಡು, ಸೀಮೆಎಣ್ಣೆಯಲ್ಲಿ ಬಿಡಿಭಾಗ ತೊಳೆಯುವ ಕೆಲಸಕ್ಕೆ ಹಾಕಿದರು. ಆರು ತಿಂಗಳು ತೊಳೆದೆ. ಹಿಡಿದು ನಿಂತ ಆ ಎಂಜಿನ್ನಿನ ಭಾಗಗಳನ್ನೂ ನಾನೇ ತೊಳೆದೆ. ಬೇರಿಂಗ್ ಶೆಲ್ಲುಗಳು ಕ್ರ್ಯಾಂಕಿಗೆ ಮೆತ್ತಿಕೊಂಡು ನೀಲಿಗಟ್ಟಿದ್ದವು. ಎಣ್ಣೆ ಇಲ್ಲದ ಎರಡು ನಿಮಿಷ ಹೇಗಿರುತ್ತದೆ ಅಂತ ನನ್ನ ಬೆರಳಿಗೆ ಆಗ ತಿಳಿಯಿತು.

ಆರು ತಿಂಗಳಾದ ಮೇಲೆ ಮತ್ತೆ ಗುಂಡಿಗೆ ಇಳಿದ ದಿನ ಮೊದಲ ಬಸ್ಸನ್ನು ತಂದು ನಿಲ್ಲಿಸಿದ್ದು ಪಾಲಣ್ಣ. ಬೇರೆ ಗುಂಡಿ ಖಾಲಿ ಇದ್ದರೂ ನನ್ನದಕ್ಕೇ ಬಂದರು. ಇಳಿದು ಬಂದು, "ಎಣ್ಣೆ ಬದಲಾಯಿಸವ್ವ" ಅಂದರು, ಅಷ್ಟೇ. ಅವತ್ತಿನಿಂದ ನಮ್ಮ ಶೆಡ್ಡಿನಲ್ಲಿ ಒಂದು ಕಟ್ಟುಪಾಡು ಬಂತು. ಬಿಚ್ಚಿದ ಫಿಲ್ಟರನ್ನು ಮೇಜಿನ ಮೇಲೆ ಬಾಯಿ ಮೇಲೆ ಮಾಡಿ ಇಡಬೇಕು, ಅದರ ರಿಂಗು ಕಣ್ಣಿಗೆ ಕಾಣಬೇಕು. ಅಲ್ಲಿಯವರೆಗೂ ಹೊಸದು ಹಾಕುವಂತಿಲ್ಲ. ಮೇಸ್ತ್ರಿ ಗೋಡೆ ಮೇಲೆ ಕೆಂಪು ಬಣ್ಣದಲ್ಲಿ 'ಹಳೇ ರಿಂಗ್ ಎಲ್ಲಿ?' ಅಂತ ಬರೆಸಿದರು. ನೀವು ಎಲ್ಲೇ ಕೆಲಸಕ್ಕೆ ಸೇರಿ, ಗೋಡೆಯಲ್ಲಿ ಬರೆದಿರಲಿ ಬಿಡಲಿ, ಇದನ್ನು ಕೇಳಿಕೊಳ್ಳಿ. ಹೊಸ ರಿಂಗಿಗೆ ಒಂದು ತೊಟ್ಟು ಎಣ್ಣೆ ಸವರಿ. ಕೈಯಲ್ಲೇ ಬಿಗಿ ಮಾಡಿ. ಚಾಲೂ ಮಾಡಿ, ಸ್ವಲ್ಪ ರೇಸ್ ಕೊಟ್ಟು, ಬಗ್ಗಿ ನೋಡಿ. ಆಮೇಲೆ ಬಸ್ಸು ಬಿಡಿ.

ಆಮೇಲಾಮೇಲೆ ಬಹಳ ಬದಲಾಯಿತು. ಬ್ಯಾರಲ್ಲು ಹೋಗಿ ಸೀಲ್ ಮಾಡಿದ ಡಬ್ಬಗಳು ಬಂದವು. ಚಳಿಗೊಂದು ಬಿಸಿಲಿಗೊಂದು ಎಣ್ಣೆ ಅನ್ನುವುದು ಹೋಗಿ ಎರಡಕ್ಕೂ ಆಗುವ ಎಣ್ಣೆ ಬಂತು. ಬದಲಾಯಿಸುವ ಗಡುವು ಮೂರು ನಾಲ್ಕು ಪಟ್ಟು ದೂರವಾಯಿತು. ಈಗಿನ ಬಸ್ಸುಗಳಿಗೆ ಲ್ಯಾಪ್‌ಟಾಪ್ ಸಿಕ್ಕಿಸಿದರೆ ಪ್ರೆಶರ್ ಎಷ್ಟು ಅಂತ ಅದೇ ಹೇಳುತ್ತದೆ. ನನಗೆ ಅದರ ಮೇಲೆ ಸಿಟ್ಟಿಲ್ಲ. ಕಲಿತೆ. ಆದರೆ ಯಂತ್ರ ಹೇಳಿದ್ದನ್ನು ಕೇಳಲು ಮನುಷ್ಯರು ತಯಾರಿರಬೇಕು.

ಒಮ್ಮೆ ಹೊಸದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಕೆಟ್ಟು ನಿಂತ ನಮ್ಮ ಬಸ್ಸು ನೋಡಲು ಹೋಗಿದ್ದೆ. ತೆಂಗಿನಕಾಯಿ ತುಂಬಿದ ಗೂಡ್ಸ್ ಆಟೋ ಓಡಿಸುವ ರತ್ನಮ್ಮ ಅನ್ನುವ ಹೆಣ್ಣುಮಗಳು ನನ್ನ ಕೈಲಿ ಸ್ಪ್ಯಾನರ್ ನೋಡಿ ಗಾಡಿ ನಿಲ್ಲಿಸಿದಳು. "ಅಕ್ಕಾ, ಒಂದು ಮಾತು. ಬಲಕ್ಕೆ ತಿರುಗಿಸಿದಾಗ ಮಾತ್ರ ಈ ಎಣ್ಣೆ ದೀಪ ಕೆಂಪಗೆ ಹತ್ತುತ್ತೆ. ನೆಟ್ಟಗೆ ಹೋದ್ರೆ ಇಲ್ಲ, ಎಡಕ್ಕೂ ಇಲ್ಲ. ಮೆಕ್ಯಾನಿಕ್ ಹತ್ರ ಹೋದ್ರೆ ದೀಪ ಕೆಟ್ಟೈತೆ, ವೈರು ಕಟ್ ಮಾಡಿಸು ಅಂದ."

ನನಗೆ ಅವಳನ್ನು ತಬ್ಬಿಕೊಳ್ಳಬೇಕು ಅನ್ನಿಸಿತು. ಎಷ್ಟು ಚೆನ್ನಾಗಿ ಗಮನಿಸಿದ್ದಳು! ಸಮತಟ್ಟಾದ ಕಡೆ ನಿಲ್ಲಿಸಲು ಹೇಳಿ, ಎಂಜಿನ್ ಆರಿಸಿ, ಎಣ್ಣೆ ತಳಕ್ಕೆ ಇಳಿಯಲಿ ಅಂತ ಸ್ವಲ್ಪ ಕಾದು, ಡಿಪ್ ಸ್ಟಿಕ್ ಎಳೆದು ತೋರಿಸಿದೆ. ತುದಿಗೆ ಮಾತ್ರ ಎಣ್ಣೆ. ತಿರುವಿನಲ್ಲಿ ಇದ್ದಬದ್ದ ಎಣ್ಣೆಯೆಲ್ಲ ಒಂದು ಮಗ್ಗುಲಿಗೆ ಸರಿದು, ಜರಡಿ ಎಣ್ಣೆಯ ಬದಲು ಗಾಳಿ ಎಳೆಯುತ್ತಿತ್ತು. "ದೀಪ ಕೆಟ್ಟಿಲ್ಲ ಕಣಮ್ಮ. ಈ ಗಾಡೀಲಿ ನೆಟ್ಟಗಿರಾದು ಅದೊಂದೇ" ಅಂದೆ. ಅಳತೆಯಷ್ಟು ಎಣ್ಣೆ ಹಾಕಿಸಿ, ಬಸ್ ಸ್ಟ್ಯಾಂಡಿನ ಸುತ್ತ ಬಲಕ್ಕೆ ಬಲಕ್ಕೆ ಮೂರು ಸುತ್ತು ತಿರುಗಿಸಿದಳು. ದೀಪ ಹತ್ತಲಿಲ್ಲ. ತೆಂಗಿನಕಾಯಿಗಳ ಮಧ್ಯದಿಂದ ಅವಳು ಕೈ ಬೀಸಿದ್ದು ಇನ್ನೂ ಕಣ್ಣ ಮುಂದಿದೆ. ಈಗಲೂ ಫೋನ್ ಮಾಡುತ್ತಾಳೆ. ಈ ಕೆಲಸದಲ್ಲಿ ಇಂಥ ದಿನಗಳೂ ಇವೆ, ಇಲ್ಲ ಅನ್ನುವುದಿಲ್ಲ.

ಇಷ್ಟಕ್ಕೇ ಮುಗಿಸಬಹುದಿತ್ತು. ಆದರೆ ಹೋದ ವರ್ಷ ನಾನು ನಿವೃತ್ತಿಯಾದ ವಾರ ನಡೆದದ್ದನ್ನೂ ಹೇಳಬೇಕು.

ಮೇಸ್ತ್ರಿ ಚಿತ್ರದುರ್ಗದಲ್ಲಿ ಮಗಳ ಮನೆಯಲ್ಲಿದ್ದಾರೆ. ಎಂಬತ್ತರ ಹತ್ತಿರ ವಯಸ್ಸು. ನಮಸ್ಕಾರ ಮಾಡಿ ಬರೋಣ ಅಂತ ಹೋದೆ. ಮಗಳು ಕಾಫಿ ತರಲು ಒಳಗೆ ಹೋದಾಗ ಅವರು, "ಬಾಗಿಲು ಮುಂದೆ ಮಾಡು" ಅಂದರು. "ನಿನ್ಹತ್ರ ಒಂದು ಮಾತು ಹೇಳಾದೈತೆ. ಪಾಲಯ್ಯನ ಬಸ್ಸು ಎಳ್ಕಂಡು ಬಂದ ದಿನ, ಟಾರ್ಚ್ ಹಿಡಿದು ಬಗ್ಗಿದ್ನಲ್ಲ. ರಿಂಗು ಡಬ್ಬಿ ಬಾಯಿಂದ ಹೊರಗೆ ನಾಲಿಗೆ ಚಾಚಿದಂಗೆ ಇಣುಕ್ತಿತ್ತು. ನೋಡಿದ ತಕ್ಷಣ ಗೊತ್ತಾತು."

"ಅದಕ್ಕೇ ಫಿಲ್ಟರ್ ನೀನೇ ಬಿಚ್ಚು ಅಂದ್ರಾ?"

"ನೀನಾಗೇ ಬಂದು ಹೇಳ್ತೀಯ ಅಂತ ಕಾದೆ. ಹೇಳಿಸಿಕೊಂಡು ಒಪ್ಪಿದ್ರೆ ಬೇರೆ, ತಾನಾಗೇ ಒಪ್ಪಿದ್ರೆ ಬೇರೆ ಅಂತ ನನ್ನ ಲೆಕ್ಕ. ನಿನ್ನ ಮೇಲೆ ನಂಬಿಕೆ ಇತ್ತು."

ನನಗೆ ಖುಷಿಯಾಗಬೇಕಿತ್ತೇನೋ. ಎದೆ ಉರಿಯಿತು. ಅವರ ಮುಂದೆ ಜೀವಮಾನದಲ್ಲಿ ದನಿ ಏರಿಸದವಳು ಏರಿಸಿದೆ. "ನನ್ನ ಮೇಲಿನ ನಂಬಿಕೆ ಹಾಳಾಗ್ಲಿ ಮೇಸ್ತ್ರಿ! ಆ ಮನುಷ್ಯ ನಾಲ್ಕು ದಿನ ಗಡಿಯಾರ ಕಿವಿಗೆ ಹಿಡ್ಕಂಡು ಕುಂತಿತ್ತು. ನೀವು ಒಂದು ಮಾತು ಹೇಳಿದ್ರೆ ಆಗ್ತಿರಲಿಲ್ವಾ?"

ಅವರು ತಲೆ ಆಡಿಸಿದರು. "ಅದೇ ಹೇಳ್ತಿರಾದು ನಾನು. ನಿನ್ನ ತಿದ್ದಬೇಕು ಅಂತ ನೋಡ್ದೆ, ಅವನ ಕಡೆ ನೋಡ್ಲೇ ಇಲ್ಲ. ನೀನು ನಿನ್ನ ತಪ್ಪು ಹೇಳೋಕೆ ನಾಲ್ಕು ದಿನ ತಗಂಡೆ ಅಂತ ಕೊರಗ್ತೀಯ. ನಾನು ಇಪ್ಪತ್ನಾಲ್ಕು ವರ್ಷ ತಗಂಡೆ." "ನನ್ನನ್ನ ರಾಮಗಿರಿಗೆ ಕರ್ಕಂಡು ಹೋಗ್ತೀಯಾ?" ಅಂದರು.

ಆ ಭಾನುವಾರ ಹೋದೆವು. ಬಸ್ಸು ಹತ್ತಿಸುವಾಗ ಅವರ ಕೈ ಹಿಡಿದೆ, ಎಷ್ಟು ಹಗುರಾಗಿತ್ತು! ಪಾಲಣ್ಣ ಈಗ ಮನೆಯಲ್ಲೇ ಇರುತ್ತಾರೆ. ಮೊಮ್ಮಗಳನ್ನು ಸ್ಕೂಟರಿನಲ್ಲಿ ಶಾಲೆಗೆ ಬಿಡುವುದು ಅವರ ಡ್ಯೂಟಿ. ನಮ್ಮಿಬ್ಬರನ್ನು ಒಟ್ಟಿಗೆ ಕಂಡು ಗಾಬರಿಯಾದರು. "ಬರ್ರಿ ಮೇಸ್ತ್ರಿ, ಕುಂತ್ಕಳ್ರಿ. ಏನು ಇಷ್ಟು ದೂರ?"

ಮೇಸ್ತ್ರಿ ಕೂರಲಿಲ್ಲ. ನಿಂತುಕೊಂಡೇ, ಕೈ ಮುಂದೆ ಕಟ್ಟಿಕೊಂಡು ಎಲ್ಲವನ್ನೂ ಹೇಳಿದರು. ಹಿಂದೆ ಮಾಲೀಕರ ಮುಂದೆ ಕೂಡ ಅವರು ಹಾಗೆ ಕೈ ಕಟ್ಟಿ ನಿಂತಿದ್ದನ್ನು ನಾನು ಕಂಡಿರಲಿಲ್ಲ. ಹೇಳಿ ಮುಗಿಸಿ, "ತಪ್ಪಾತು ಪಾಲಯ್ಯ" ಅಂದರು.

ಪಾಲಣ್ಣ ಅವರನ್ನ ನೋಡಿದರು, ನನ್ನನ್ನ ನೋಡಿದರು. ಗೌರಕ್ಕ ಅಡುಗೆಮನೆ ಬಾಗಿಲಲ್ಲಿ ಸೆರಗು ಹಿಡಿದು ನಿಂತುಬಿಟ್ಟಿದ್ದರು. ಆಮೇಲೆ ಪಾಲಣ್ಣ ಬಂದು ಮೇಸ್ತ್ರಿಯ ಭುಜ ಹಿಡಿದು ಕುರ್ಚಿಯಲ್ಲಿ ಕೂರಿಸಿ, ತಾವು ಅವರ ಪಕ್ಕದಲ್ಲಿ ನೆಲದ ಮೇಲೆ ಕೂತರು.

"ಅಲ್ಲ ಮೇಸ್ತ್ರಿ, ಇನ್ನೂ ಯಾರಾದ್ರೂ ಅದಾರಾ, ಆವತ್ತು ಗೊತ್ತಿದ್ದು ಸುಮ್ಮನಿದ್ದೋರು? ಇದ್ರೆ ಎಲ್ರನ್ನೂ ಒಂದೇ ಸಲ ಕರ್ಕಂಡು ಬರ್ರಿ ಮಾರಾಯ್ರೆ. ಹಿಂಗೆ ಒಬ್ಬೊಬ್ಬರೇ ಬಂದ್ರೆ ನಮ್ಮ ಗೌರಿ ಎಷ್ಟು ಸಲ ಅಡುಗೆ ಮಾಡ್ಬೇಕು?"

ಮೇಸ್ತ್ರಿ ನಕ್ಕರು. ನಗು ಅರ್ಧಕ್ಕೇ ಒಡೆದು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಪಾಲಣ್ಣ ಅವರ ಮೊಣಕಾಲ ಮೇಲೆ ಕೈಯಿಟ್ಟು ಹಾಗೇ ಕೂತಿದ್ದರು. ಒಳಗೆ ಗೌರಕ್ಕ ಹಿಟ್ಟು ಕಲಸಲು ಶುರು ಮಾಡಿದರು. ನಾನು ಎದ್ದು ಒಳಗೆ ಹೋಗಿ, ರೊಟ್ಟಿ ಬಡಿಯಲು ಅವರ ಪಕ್ಕ ಕೂತೆ.